ಬಂಡೆಯ ಮೇಲೆ ಬೆಳೆದ ಬಿಯಾಟ್ರಿಸ್‌ಳ ತೋಟ

ಫ್ರಾನ್ಸಿನ ದಕ್ಷಿಣ ಕರಾವಳಿಯ ಕ್ಯಾಪ್ ಫೆರಾ ಎಂಬ ಭೂಶಿರದ ಮೇಲೆ ನಿಂತಿರುವ, ಗುಲಾಬಿ ಬಣ್ಣದ ವಿಲ್ಲಾ ಎಫ್ರುಸಿ ದ ರೋಥ್‌ಶೀಲ್ಡ್‌ಗೆ ಹೋಗುವವರು ಕೋಣೆಗಳಿಗಿಂತ ಹೆಚ್ಚಿನ ಸಮಯವನ್ನು ತೋಟಕ್ಕೆ ಮೀಸಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರೋಥ್‌ಶೀಲ್ಡ್ ಎಂಬ ಬ್ಯಾಂಕಿಂಗ್ ಮನೆತನದ ಮಗಳಾದ ಬಿಯಾಟ್ರಿಸ್ 1905ರಲ್ಲಿ ಇಲ್ಲಿ ಸುಮಾರು 7 ಹೆಕ್ಟೇರ್ ಜಾಗ ಕೊಂಡಾಗ ಅದು ಗಾಳಿ ಹೊಡೆಯುವ ಬರಡು ಕಲ್ಲುದಿಣ್ಣೆಯಾಗಿತ್ತು. ಡೈನಮೈಟ್ ಇಟ್ಟು ಬಂಡೆ ಸಿಡಿಸಿ, ನೆಲ ಸಮತಟ್ಟು ಮಾಡಿ, ಮಣ್ಣು ತುಂಬಿದ ಮೇಲೆಯೇ ಗಿಡ ನೆಡಲು ಸಾಧ್ಯವಾಯಿತು. ಎರಡೂ ಬದಿಗೆ ಸಮುದ್ರವಿರುವ ಈ ಏಣಿನ ಮೇಲೆ ಅವಳು ಮುಖ್ಯ ತೋಟವನ್ನು ಹಡಗಿನ ಅಟ್ಟದಂತೆ ಉದ್ದಕ್ಕೆ ರೂಪಿಸಿದಳು; ತೋಟಗಾರರಿಗೆ ಕೆಂಪು ಕುಚ್ಚಿನ ನಾವಿಕರ ಟೋಪಿ ತೊಡಿಸುತ್ತಿದ್ದಳೆಂದೂ ಹೇಳುತ್ತಾರೆ. ಶ್ರೀಮಂತಿಕೆಯ ಹುಚ್ಚಾಟವೆಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ನೀರಿನ ಕೊಳ ಮತ್ತು ಕಾರಂಜಿಗಳ ಅಕ್ಕಪಕ್ಕ ನಡೆದು, ತುದಿಯಲ್ಲಿರುವ ಪ್ರೇಮದೇಗುಲದ ಕಡೆಗೆ ಸಾಗುವಾಗ, ಜಾಗದ ಆಕಾರವನ್ನು ಅಷ್ಟು ಚೆನ್ನಾಗಿ ಓದಿದ ಕಣ್ಣು ಸಾಮಾನ್ಯದ್ದಲ್ಲ ಎಂದು ಒಪ್ಪಲೇಬೇಕಾಗುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಶಿಲಾತೋಟ. ವಿಲ್ಲಾದೊಳಗೆ ಜಾಗ ಸಿಗದ ಕಂಬದ ಬೋದಿಗೆಗಳು, ಕಮಾನಿನ ತುಣುಕುಗಳು, ಬಾಯಿ ತೆರೆದ ವಿಕಟ ಮುಖಗಳು ಇಲ್ಲಿ ಗಿಡಗಳ ನೆರಳಿನಲ್ಲಿ ಕೂತಿವೆ. ಒಳಗಿರುವ, ಫ್ರಾನ್ಸಿನ ಸೆವ್ರ್ ಕಾರ್ಖಾನೆಯ ಪಿಂಗಾಣಿಯೂ ಅಪರೂಪದ್ದೇ, ಆದರೆ ಅದು ಬೇರೆಯವರ ಕೈಚಳಕ, ಅವಳು ಕೊಂಡದ್ದು. ಸ್ಪ್ಯಾನಿಷ್, ಫ್ಲಾರೆಂಟೈನ್, ಗುಲಾಬಿ ಎಂದೆಲ್ಲ ಮೈದಳೆದ ಈ ತೋಟಗಳಲ್ಲಿ ಮಾತ್ರ ಅವಳ ಸ್ವಂತ ಮನಸ್ಸು ಕಾಣುತ್ತದೆ.

1934ರಲ್ಲಿ ಸಾಯುವ ಮೊದಲು ಅವಳು ವಿಲ್ಲಾವನ್ನೂ ಸಂಗ್ರಹವನ್ನೂ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬರೆದುಕೊಟ್ಟಳು; ವಿಲ್ಲಾ ಜನ ವಾಸಿಸುವ ದಿವಾನಖಾನೆಯ ಕಳೆಯನ್ನು ಕಳೆದುಕೊಳ್ಳಬಾರದೆಂಬುದು ಅವಳ ಬಯಕೆಯಾಗಿತ್ತು. ಬೇಲಿಯೊಳಗಿನ ಸೊಬಗನ್ನು ಎಲ್ಲರಿಗೂ ತೆರೆದ ಆ ನಿರ್ಧಾರವನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದೇ ಗೌರವ ಬಂಡೆ ಒಡೆದವರಿಗೂ ಮಣ್ಣು ಹೊತ್ತವರಿಗೂ ಸಲ್ಲಬೇಕು: ಒಡತಿಯ ಕಥೆ ಹೇಳುವವರು ಆ ದುಡಿಮೆಯ ಕಥೆಯನ್ನೂ ಅಷ್ಟೇ ವಿಸ್ತಾರವಾಗಿ ಹೇಳಲಿ, ನೋಡಲು ಬಂದವರೂ ಅದನ್ನು ಕೇಳಿ ತಿಳಿದುಕೊಳ್ಳಲಿ.