ಪಂಪ್ ಬದಲಿಸುವ ಮುಂಚೆ ಗೇಜ್ ಹಾಕಿಸಿ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಓಡಿದ ಹಳೇ ಪೆಟ್ರೋಲ್ ಕಾರು ಸಂಡೂರಿನ ಏರು ಬಂದ ಕೂಡಲೇ ಎಳೆಯುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತದೆ, ಕಾಲು ಸಡಿಲಿಸಿದರೆ ಸುಧಾರಿಸಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತುವ ಮೊದಲೇ ತೀರ್ಪು: ‘ಪಂಪ್ ಹೋಗಿದೆ, ಹೊಸದು ಹಾಕೋಣ.’ ಪಂಪ್ ಎಂದರೆ ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಭಾಗ. ಹೋಗಿರಲೂಬಹುದು. ಆದರೆ ಅಳೆಯದೆ ಹೇಳಿದ್ದು ಬರೀ ಅಂದಾಜು, ಅದಕ್ಕೆ ದುಡ್ಡು ಕೊಡುವವರು ನಾವು.

ಅಳೆಯಲು ಫ್ಯೂಯೆಲ್ ಪ್ರೆಶರ್ ಗೇಜ್, ಅಂದರೆ ಪೈಪಿನಲ್ಲಿ ಪೆಟ್ರೋಲಿನ ಒತ್ತಡ ತೋರಿಸುವ ಮುಳ್ಳಿನ ಮೀಟರ್ ಬೇಕು. ಒತ್ತಡದ ಅಳತೆ ಪಿ.ಎಸ್.ಐ. ಪೆಟ್ರೋಲನ್ನು ಗಾಳಿಯ ಸೆಳೆತದಿಂದ ಬೆರೆಸುವ ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಎಂಜಿನ್ನೇ ನಡೆಸುವ ಪಂಪ್ ಇರುತ್ತದೆ, ಒತ್ತಡ ಸಾಮಾನ್ಯವಾಗಿ 4ರಿಂದ 6 ಪಿ.ಎಸ್.ಐ. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಲ್ಲಿ ಟ್ಯಾಂಕಿನೊಳಗೇ ಕರೆಂಟಿನ ಪಂಪ್, ಅಲ್ಲಿ 35ರಿಂದ 45ರ ಆಸುಪಾಸು. ಸರಿಯಾದ ಅಂಕಿಗೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕವನ್ನೇ ನಂಬಿ.

ಇಂಜೆಕ್ಷನ್ ಗಾಡಿಯ ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಚಾಲೂ ಮಾಡಿ, ಅದು ತಾನೇ ನಿಲ್ಲುವವರೆಗೆ ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಬೀಡಿ ಹಚ್ಚಿದವರು ಎಷ್ಟೇ ಹತ್ತಿರದ ನೆಂಟರಾಗಿದ್ದರೂ ದೂರ ಕಳಿಸಿ.

ಗೇಜ್ ಕೂರಿಸಿ ಎಲ್ಲ ಮರಳಿ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ ಮುಳ್ಳನ್ನು ನೋಡಿ. ಗಾಡಿ ನಿಂತಲ್ಲಿ ಒತ್ತಡ ಸರಿಯಿದ್ದು, ಏರು ಹತ್ತುವಾಗಿನಂತೆ ಎಂಜಿನ್ನಿಗೆ ಲೋಡ್ ಬಿದ್ದಾಗ ಕುಸಿದರೆ ಮೊದಲ ಅನುಮಾನ ಪೆಟ್ರೋಲ್ ಸೋಸುವ ಫಿಲ್ಟರ್ ಮೇಲೆ. ಇದಕ್ಕೆ ನಮ್ಮ ಅದಿರಿನ ಕೆಂಪು ಧೂಳಿನ ಮೇಲೆ ಗೂಬೆ ಕೂರಿಸಬೇಡಿ, ಅದು ಕಟ್ಟಿಸುವುದು ಏರ್ ಫಿಲ್ಟರನ್ನು. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಳ್ಳುವುದು ಹೆಚ್ಚಾಗಿ ಹಳೇ ಟ್ಯಾಂಕಿನ ತುಕ್ಕು ಮತ್ತು ತಳದ ಗಸಿಯಿಂದ.

ನಿಂತಲ್ಲಿಯೂ ಒತ್ತಡ ಕಡಿಮೆಯೇ? ಪಂಪ್ ಓಡುತ್ತಿರುವಾಗ ಅದರ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿಸಿ. ಬ್ಯಾಟರಿಯಲ್ಲಿ 13 ವೋಲ್ಟ್ ಇದ್ದು ಪಂಪಿಗೆ 10 ಮಾತ್ರ ತಲುಪುತ್ತಿದ್ದರೆ ತಪ್ಪು ಪಂಪಿನದಲ್ಲ. ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ, ಸುಟ್ಟ ಕನೆಕ್ಟರ್, ತುಕ್ಕು ಹಿಡಿದ ಅರ್ಥ್ ವೈರ್, ಇವುಗಳಲ್ಲಿ ಯಾವುದೋ ಒಂದು. ಹಳೇ ಗಾಡಿಗಳಲ್ಲಿ ಅರ್ಥ್ ವೈರನ್ನು ಯಾರೂ ನೋಡುವುದೇ ಇಲ್ಲ ಎಂಬುದು ನನ್ನ ದೂರು.

ಇನ್ನು ರೆಗ್ಯುಲೇಟರ್, ಅಂದರೆ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸಿ ಇಂಜೆಕ್ಷನ್ ಗಾಡಿಯ ಒತ್ತಡ ಹದದಲ್ಲಿಡುವ ಭಾಗ. ಎಂಜಿನ್ ಬಳಿಯೇ ಇದ್ದರೆ ಎಂಜಿನ್ನಿನ ಗಾಳಿಯ ಸೆಳೆತ ಅದಕ್ಕೆ ತಲುಪಿಸುವ ಸಣ್ಣ ವ್ಯಾಕ್ಯೂಮ್ ಪೈಪ್ ಎಳೆಯಿರಿ. ಒಳಗೆ ಪೆಟ್ರೋಲ್ ಒದ್ದೆ ಕಂಡರೆ ರೆಗ್ಯುಲೇಟರಿನೊಳಗಿನ ತೆಳು ಪರದೆ, ಅಂದರೆ ಡಯಾಫ್ರಮ್, ಹರಿದಿದೆ. ಪೆಟ್ರೋಲ್ ಟ್ಯಾಂಕಿಗೆ ಮರಳುವ ರಬ್ಬರ್ ಪೈಪನ್ನು ಒಂದು ಕ್ಷಣ ಅದುಮಿದಾಗ ಮುಳ್ಳು ಜಿಗಿದರೆ ಪಂಪಿಗೆ ಶಕ್ತಿಯಿದೆ, ರೆಗ್ಯುಲೇಟರ್ ಸೋರಿಬಿಡುತ್ತಿದೆ. ಮುಳ್ಳು ಅಲುಗದಿದ್ದರೆ ಫಿಲ್ಟರ್ ಅಥವಾ ಪಂಪ್. ಬಿರುಕು ಬಿಟ್ಟ ಪೈಪನ್ನು ಮಾತ್ರ ಅದುಮಬೇಡಿ.

ಒಂದು ಮಾತು ರಾಯಚೂರಿನ ಬೇಸಿಗೆ ಬಲ್ಲವರಿಗೆ. ಟ್ಯಾಂಕಿನೊಳಗಿನ ಪಂಪಿಗೆ ತಂಪು ಕೊಡುವುದು ಸುತ್ತಲಿನ ಪೆಟ್ರೋಲೇ. ಸದಾ ರಿಸರ್ವಿನಲ್ಲೇ ಓಡಿಸಿದರೆ, ಅದೂ 40 ಡಿಗ್ರಿ ದಾಟಿದ ಬಿಸಿಲಲ್ಲಿ, ಅದು ಬೇಗ ಸೊರಗುತ್ತದೆ. ಸೊರಗಿದ ಪಂಪ್ ಬೆಳಗಿನ ತಂಪಿನಲ್ಲಿ ಒಳ್ಳೇ ಒತ್ತಡವನ್ನೇ ತೋರಿಸೀತು. ಆದ್ದರಿಂದ ಗಾಡಿಯನ್ನು ಮಧ್ಯಾಹ್ನ ಒಂದಷ್ಟು ದೂರ ಓಡಿಸಿ, ಕಾದ ಮೇಲೆಯೇ ಅಳೆಯಿಸಿ. ಆಗಲೂ ವೋಲ್ಟೇಜ್, ಫಿಲ್ಟರ್, ರೆಗ್ಯುಲೇಟರ್ ಎಲ್ಲ ಸರಿಯಿದ್ದು ಒತ್ತಡ ಮಾತ್ರ ಬಾರದಿದ್ದರೆ ಹೊಸ ಪಂಪ್ ಹಾಕಿಸಿ. ಟ್ಯಾಂಕ್ ಹೇಗೂ ಬಿಚ್ಚಿರುತ್ತೀರಿ, ತಳ ತೊಳೆಸಿ, ಪಂಪಿನ ಬಾಯಿಯ ಜಾಲರಿಯನ್ನೂ ಬದಲಿಸಿಬಿಡಿ.