ದೋಣಿಯ ಒಳಹಲಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಂಗಳದಲ್ಲಿ ಸಣ್ಣ ದೋಣಿ ಕಟ್ಟಿಕೊಳ್ಳುವವರು ನಮ್ಮ ಕರಾವಳಿಯಲ್ಲಿ ಇನ್ನೂ ಇದ್ದಾರೆ. ಹೆಬ್ಬಲಸಿನ ಹಲಗೆ ತಂದು ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುವ ಕಾಲ ಹೆಚ್ಚುಕಮ್ಮಿ ಹೋಯಿತು. ಈಗ ಮರೈನ್ ಪ್ಲೈವುಡ್ ಇದೆ, ಎಪಾಕ್ಸಿ ಅಂಟು ಇದೆ. ಮರಗೆಲಸ ಸ್ವಲ್ಪ ಬಂದರೂ ಸಾಕು, ಹತ್ತು ಹನ್ನೆರಡು ಅಡಿಯ ದೋಣಿ ಎದ್ದು ನಿಲ್ಲುತ್ತದೆ. ಹೊರಮೈಗೆ ಬಣ್ಣ ಬಿದ್ದ ಕೂಡಲೇ ಕೆಲಸ ಮುಗಿಯಿತು ಅನಿಸಿಬಿಡುತ್ತದೆ. ಒಳಗೆ ಕಾಲಿಡುವ ಹಲಗೆಯ ಮೇಲೆ ಮಾತ್ರ ಯಾರಿಗೂ ಆಸಕ್ತಿ ಇಲ್ಲ. ಉಳಿದ ತುಂಡು ಜೋಡಿಸಿ ನಾಲ್ಕು ಮೊಳೆ ಹೊಡೆದರಾಯಿತು ಅಂತ. ಇವತ್ತು ಆ ಹಲಗೆಯ ಬಗ್ಗೆಯೇ ಮಾತಾಡೋಣ.

ಅದು ಯಾಕೆ ಬೇಕು? ಇಂಥ ದೋಣಿಯ ತಳ ಬಹಳ ಸಲ ಆರು ಮಿಲಿಮೀಟರಿನ ಪ್ಲೈವುಡ್. ನೀರು ಅದನ್ನು ಕೆಳಗಿನಿಂದ ಹರಡಿಕೊಂಡು ಒತ್ತುತ್ತದೆ, ಅಷ್ಟನ್ನು ಅದು ತಡೆಯುತ್ತದೆ. ಆದರೆ ಎಪ್ಪತ್ತು ಕಿಲೋದ ಮನುಷ್ಯ ದಡದಿಂದ ಹಿಮ್ಮಡಿ ಊರಿ ಧುಮುಕಿದರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಹಲಗೆ ಇದ್ದರೆ ಆ ಭಾರ ತಳದ ಅಡ್ಡಮರಗಳಿಗೆ ಹಂಚಿಹೋಗುತ್ತದೆ. ಜೊತೆಗೆ, ದೋಣಿ ಎಷ್ಟೇ ಭದ್ರವಾಗಿದ್ದರೂ ಒಳಗೆ ನೀರು ಬಂದೇ ಬರುತ್ತದೆ. ಹುಟ್ಟಿನಿಂದ ತೊಟ್ಟಿಕ್ಕುತ್ತದೆ, ಬಲೆಯಿಂದ ಇಳಿಯುತ್ತದೆ. ಆ ನೀರು ಹಲಗೆಯ ಕೆಳಗಿರಲಿ, ನಿಮ್ಮ ಬುತ್ತಿ ಮೇಲಿರಲಿ.

ನನ್ನ ಲೆಕ್ಕದಲ್ಲಿ ಒಳಹಲಗೆಗೆ ಎರಡೇ ಗುಣ ಬೇಕು. ಬೇಕೆಂದಾಗ ಬರಿಗೈಯಲ್ಲಿ ಮೇಲೆ ಬರಬೇಕು. ಬೇಡದಾಗ, ದೋಣಿ ಮಗುಚಿದರೂ ಬರಬಾರದು. ಮೊಳೆ ಹೊಡೆದವರು ಮೊದಲನೆಯದನ್ನು ಕಳೆದುಕೊಳ್ಳುತ್ತಾರೆ, ಸುಮ್ನೆ ಹಾಸಿ ಬಿಟ್ಟವರು ಎರಡನೆಯದನ್ನು.

ಎತ್ತಲು ಬರದಿದ್ದರೆ ಏನಾಗುತ್ತದೆ ನೋಡಿ. ಅಘನಾಶಿನಿ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸುವವರ ದೋಣಿಯೊಳಗೆ ಒಮ್ಮೆ ಇಣುಕಿದರೆ ಸಾಕು. ಮರಳು, ಕೆಸರು, ಚಿಪ್ಪಿನ ಚೂರು ಎಲ್ಲ ಸಂದಿಯಲ್ಲಿ ಇಳಿದು ತಳ ಸೇರುತ್ತದೆ. ಪ್ರತಿ ಅಡ್ಡಮರದ ಕೆಳಗೆ ನೀರು ಹರಿದು ಹೋಗಲು ಸಣ್ಣ ಕಂಡಿ ಬಿಟ್ಟಿರಬೇಕು. ಆಗಲೇ ನೀರೆಲ್ಲ ಒಂದು ಕಡೆ ಸೇರಿ ಮೊಗೆಯಲು ಸಿಗುವುದು. ಕಸ ಆ ಕಂಡಿಯಲ್ಲೇ ಹೋಗಿ ಕೂರುತ್ತದೆ. ಕಂಡಿ ಕಟ್ಟಿದರೆ ನೀರು ಅಡ್ಡಮರಗಳ ನಡುವೆ ನಿಲ್ಲುತ್ತದೆ. ಉಪ್ಪುನೀರಿಗಿಂತ ಹೀಗೆ ನಿಂತ ಮಳೆನೀರೇ ಮರಕ್ಕೆ ಜಾಸ್ತಿ ಕೆಟ್ಟದ್ದು. ಕೊಳೆಸುವ ಬೂಷ್ಟಿಗೆ ಸಿಹಿನೀರೇ ಇಷ್ಟ. ಹಳಬರ ಒಂದು ಉಪಾಯ ಇದೆ. ಎಲ್ಲ ಕಂಡಿಗಳಲ್ಲಿ ಹಾಯುವ ಹಾಗೆ ಒಂದೇ ಉದ್ದದ ಹಗ್ಗ ಪೋಣಿಸಿಡಿ. ಅಲ್ಲಲ್ಲಿ ಗಂಟು ಹಾಕಿರಿ. ಕಂಡಿ ಕಟ್ಟಿತು ಅನಿಸಿದಾಗ ಆ ಕಡೆ ಈ ಕಡೆ ನಾಲ್ಕು ಸಲ ಎಳೆದರೆ ಬಿಟ್ಟುಕೊಳ್ಳುತ್ತದೆ.

ಇನ್ನು ಹಲಗೆ ಸಡಿಲವಾಗಿದ್ದರೆ? ಒಂದು ಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, ಹನ್ನೆರಡು ಮಿಲಿಮೀಟರ್ ದಪ್ಪದ ಸಾಗವಾನಿ ಹಲಗೆ ಸುಮಾರು 800 ಗ್ರಾಂ ತೂಗುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿದಾಗ ಸುಮಾರು 400 ಗ್ರಾಂ ಬಲದಿಂದ ಮೇಲಕ್ಕೆ ಒತ್ತುತ್ತದೆ. ಭದ್ರವಾಗಿದ್ದರೆ ಆ ಬಲ ತುಂಬಿದ ದೋಣಿಯನ್ನು ತೇಲಿಸಲು ಸ್ವಲ್ಪ ಕೈಜೋಡಿಸುತ್ತದೆ. ಸಡಿಲವಿದ್ದರೆ ಹಲಗೆ ಮಾತ್ರ ಎದ್ದು ಮೊಣಕಾಲಿಗೆ ಬಡಿದು, ಇಳಿತದ ಜೊತೆ ಸಮುದ್ರದ ದಾರಿ ಹಿಡಿಯುತ್ತದೆ.

ಹಾಗಾದರೆ ಕೂರಿಸುವುದು ಹೇಗೆ? ಮೂರು ನಾಲ್ಕು ಹಲಗೆ ಪಕ್ಕಪಕ್ಕ ಇಟ್ಟು, ಕೆಳಗಿನಿಂದ ಎರಡು ರೀಪು ಅಡ್ಡ ಕೊಟ್ಟು ಸ್ಕ್ರೂ ಹಾಕಿ ಒಂದು ಚೌಕಿ ಮಾಡಿಕೊಳ್ಳಿ. ರೀಪು ಎಲ್ಲಿ ಬರುತ್ತದೆ ಅನ್ನುವುದೇ ಇದರ ಗುಟ್ಟು. ಒಂದು ರೀಪು ಒಂದು ಅಡ್ಡಮರದ ಮುಂದಿನ ಮೈಗೆ ತಾಗಬೇಕು, ಇನ್ನೊಂದು ಬೇರೊಂದು ಅಡ್ಡಮರದ ಹಿಂದಿನ ಮೈಗೆ. ಆಗ ಚೌಕಿ ಹಿಂದೂ ಸರಿಯದು, ಮುಂದೂ ಸರಿಯದು. ದೋಣಿಯ ಮೂತಿಯ ಕಡೆಯ ತುದಿಯನ್ನು, ದೋಣಿಗೇ ಬಿಗಿದ ಒಂದು ಅಡ್ಡಪಟ್ಟಿಯ ಅಡಿಗೆ ತೂರಿಸಿ. ಪಟ್ಟಿಯಡಿಗೆ ತುದಿ ಅರ್ಧ ಇಂಚು ಹೋದರೆ ಸಾಕು. ಅದಕ್ಕಿಂತ ಒಳಗೆ ಹೋದರೆ ರೀಪು ಅಡ್ಡಮರ ದಾಟಿ ಕೆಳಗೆ ಇಳಿಯುವುದಿಲ್ಲ. ಹಿಂದಿನ ತುದಿಗೆ ತಿರುಗುವ ಮರದ ತುಂಡು ಹಾಕಿ. ಹಳೇ ಕಪಾಟಿನ ಬಾಗಿಲಿಗೆ ಇರುತ್ತದಲ್ಲ, ನಡುವೆ ಒಂದೇ ಸ್ಕ್ರೂ, ತಿರುಗಿಸಿದರೆ ಬಾಗಿಲು ನಿಲ್ಲುತ್ತದೆ, ಅದೇ. ಅದನ್ನು ಹಲಗೆಯ ಮೇಲೆ ಎದ್ದು ಕಾಣುವ ಹಾಗೆ ಬಿಡಬೇಡಿ. ಗುಳಿ ತೋಡಿ ಮಟ್ಟಸವಾಗಿ ಕೂರಿಸಿ. ಇಲ್ಲವಾದರೆ ಬಲೆಯ ಕಣ್ಣು ಅದಕ್ಕೇ ಸಿಕ್ಕಿಕೊಳ್ಳುತ್ತದೆ, ಕಾಲ್ಬೆರಳೂ ಅದಕ್ಕೇ ಎಡವುತ್ತದೆ. ಸ್ಕ್ರೂ ಬದಲು ಬೋಲ್ಟ್ ಹಾಕಿ, ಸಡಿಲವಾಗದ ನೈಲಾನ್ ನಟ್ ಕೊಟ್ಟರೆ ಇನ್ನೂ ಒಳ್ಳೆಯದು. ಎಂಜಿನ್ನಿನ ನಡುಕಕ್ಕೂ ಜಗ್ಗುವುದಿಲ್ಲ. ಎತ್ತಲು ಒಂದಿಂಚಿನ ತೂತು ಸಾಕು, ಅಂಚು ನಯ ಮಾಡಿರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವ ಸ್ಕ್ರೂವೂ ತಳದ ಪ್ಲೈವುಡ್‌ವರೆಗೆ ಇಳಿಯಬಾರದು. ಅಡ್ಡಮರ ಎಷ್ಟು ದಪ್ಪ, ಸ್ಕ್ರೂ ಎಷ್ಟು ಉದ್ದ, ಅಳೆದೇ ತಿರುಗಿಸಿ. ಕಬ್ಬಿಣ ಬೇಡ. ಹಿತ್ತಾಳೆ ನೋಡಲು ಚೆಂದ, ಆದರೆ ಉಪ್ಪುನೀರು ಅದರಲ್ಲಿನ ಸತುವನ್ನು ತಿಂದು ಮೆದು ಮಾಡುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತನ್ನಿ. ದುಡ್ಡು ಜಾಸ್ತಿ, ಆದರೆ ಬೇಕಾಗುವುದು ಒಂದು ಹಿಡಿ, ಅಷ್ಟೇ ಅಲ್ವಾ?

ಹಲಗೆ ಹಲಗೆಯ ನಡುವೆ ಎಂಟರಿಂದ ಹತ್ತು ಮಿಲಿಮೀಟರ್ ಸಂದಿ ಬಿಡಿ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಹಿಗ್ಗುತ್ತದೆ. ನಾಲ್ಕಿಂಚಿನ ಸಾಗವಾನಿ ಹಲಗೆ ಒಣಗಿದ್ದು ತೇವ ಕುಡಿದರೆ ಒಂದು, ಒಂದೂವರೆ ಮಿಲಿಮೀಟರ್ ಅಗಲವಾಗಬಹುದು. ಒತ್ತಿ ಜೋಡಿಸಿದ್ದರೆ ಚೌಕಿ ಗೂನುಬೀಳುತ್ತದೆ, ಇಲ್ಲವೇ ಸ್ಕ್ರೂ ಕಿತ್ತುಬರುತ್ತದೆ. ಸಂದಿಯಲ್ಲಿ ಗಾಳಿಯೂ ಆಡುತ್ತದೆ, ತಳ ಬೇಗ ಒಣಗುತ್ತದೆ.

ಬದಿಯ ಹಲಗೆಗೆ ದೋಣಿಯ ಬಾಗು ಸಿಗಬೇಕಲ್ಲ, ಅದಕ್ಕೆ ರಟ್ಟು ಕತ್ತರಿಸಿ ನಮೂನೆ ಮಾಡಿಕೊಳ್ಳಿ. ಎಡಬಲ ಎರಡಕ್ಕೂ ಬೇರೆ ಬೇರೆ. ಮನೆಯಲ್ಲಿ ಕಟ್ಟಿದ ದೋಣಿಯ ಎರಡು ಬದಿ ಒಂದೇ ಅಳತೆ ಇರುತ್ತದೆ ಅಂತ ನಂಬಿ ಒಂದೇ ರಟ್ಟಿನಲ್ಲಿ ಮುಗಿಸಲು ಹೋಗಬೇಡಿ. ಹಲಗೆಯ ಅಡಿಯಲ್ಲಿ ಉಳಿಯಿಂದ ಒಂದು ಗೀಟು, ಎರಡು ಗೀಟು ಅಂತ ಗುರುತು ಹಾಕಿ. ಬಣ್ಣದಲ್ಲಿ ಬರೆದದ್ದು ಅಳಿಸುತ್ತದೆ.

ಕೆಲವರಿಗೆ ಒಳಗೆ ಮನೆಯ ನೆಲದ ಹಾಗೆ ಸಪಾಟಾಗಿರಬೇಕು. ಅದಕ್ಕೆ ಹಲಗೆಯನ್ನು ಎತ್ತರಿಸಿ ಕೂರಿಸುತ್ತಾರೆ. ನನಗೆ ಅದು ಸರಿಕಾಣದು. ಸಣ್ಣ ದೋಣಿಯಲ್ಲಿ ನಿಂತವರ ಭಾರ ಎಷ್ಟು ಮೇಲೆ ಹೋಗುತ್ತದೋ ದೋಣಿ ಅಷ್ಟು ಹೊಯ್ದಾಡುತ್ತದೆ. ವಾರ್ನಿಷ್ ಕೂಡ ಬೇಡ, ಒದ್ದೆ ಕಾಲಿಗೆ ಜಾರುತ್ತದೆ. ಎಣ್ಣೆ ಸವರಿ ಬಿಡಿ. ಬಣ್ಣವೇ ಬೇಕೆಂದರೆ ಹಸಿಯಿರುವಾಗ ಜರಡಿ ಹಿಡಿದ ನಯ ಮರಳು ಉದುರಿಸಿ. ಹಲಗೆಯ ಎರಡು ತುದಿಗೆ ಮಾತ್ರ ಎಪಾಕ್ಸಿ ಕುಡಿಸಲೇಬೇಕು, ಮರ ನೀರು ಹೀರುವುದು ಅಲ್ಲಿಂದಲೇ ಜಾಸ್ತಿ.

ಮೇ ಕೊನೆಗೆ ದೋಣಿ ಮೇಲೆಳೆದಾಗ ಚೌಕಿಗಳನ್ನೆಲ್ಲ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಮಾಡಿನ ಕೆಳಗೆ ಗಾಳಿಯಾಡುವಲ್ಲಿ ನಿಲ್ಲಿಸಿಡಿ. ನೂಲಹುಣ್ಣಿಮೆ ಕಳೆದು ಮತ್ತೆ ಕೂರಿಸುವಾಗ ಬಿಗಿ ಅನಿಸಿದರೆ ಕೂಡಲೇ ಅಂಚು ಹೆರೆಯಬೇಡಿ. ಮಳೆಗಾಲದ ತೇವ ಇನ್ನೂ ಮರದಲ್ಲಿರುತ್ತದೆ. ನಾಲ್ಕು ಬಿಸಿಲು ಬೀಳಲಿ. ಆಮೇಲೂ ಬಿಗಿಯಿದ್ದರೆ ಹೆರೆಯಬಹುದು.

ನಮಸ್ಕಾರ.