ಪೊಲೀಸರು ಬರುವ ತನಕ ಗುಡಿಸಬೇಡಿ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಎಲ್ಲ ಕೇಳುಗರಿಗೆ ನಮಸ್ಕಾರ. ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಸುಳಿವುಗಳನ್ನು ಪರೀಕ್ಷಿಸುವುದು ನನ್ನ ಕೆಲಸ.

ಮನೆಗೆ ಕಳ್ಳ ನುಗ್ಗಿದ್ದಾನೆ ಅಂತ ಗೊತ್ತಾದರೆ ನಾವು ಮೊದಲು ಮಾಡುವುದೇನು? ಗುಡಿಸುತ್ತೇವೆ. ನಾಲ್ಕು ಜನ ಬರುತ್ತಾರೆ, ಮನೆ ಹೀಗಿದ್ದರೆ ಚೆನ್ನಾಗಿರುವುದಿಲ್ಲ ಅಂತ. ದಯವಿಟ್ಟು ಗುಡಿಸಬೇಡಿ. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ ಎಡ್ಮಂಡ್ ಲೊಕಾರ್ಡ್ ಹೇಳಿದ್ದು ಸರಳ. ಎರಡು ವಸ್ತು ಒಂದಕ್ಕೊಂದು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟುತ್ತದೆ. ಕೂದಲು, ನೂಲಿನ ಎಳೆ, ಗಾಜಿನ ಪುಡಿ, ಚಪ್ಪಲಿಯ ಕೆಮ್ಮಣ್ಣು, ಬೆರಳಿನ ಗುರುತು. ಕಳ್ಳ ಏನಾದರೂ ಬಿಟ್ಟು ಹೋಗಿರುತ್ತಾನೆ. ಅದು ನಿಮ್ಮ ಕಸದಲ್ಲೇ ಇರುತ್ತದೆ!

ಶಿರಸಿ ಹತ್ತಿರದ ಒಂದು ಮನೆ. ಆಷಾಢದ ಮಳೆ. ರಾತ್ರಿ ಬಾಗಿಲು ಮೀಟಿ ಚಾಲಿ ಅಡಿಕೆಯ ಮೂಟೆ ಹೊತ್ತೊಯ್ದಿದ್ದರು. ನಾವು ಹೋಗುವಷ್ಟರಲ್ಲಿ ಅಜ್ಜಿ ಜಗಲಿ ಗುಡಿಸಿ, ನೆಲ ಒರೆಸಿ, ನಮಗೆ ಚಹಾ ಇಟ್ಟಿದ್ದರು. ಕಸವೆಲ್ಲ ಗೊಬ್ಬರದ ಗುಂಡಿಗೆ. ಬಾಗಿಲ ಚೌಕಟ್ಟಿನಲ್ಲಿ ಮೀಟಿದ ಗಾಯ ಬಿಟ್ಟರೆ ಏನೂ ಇಲ್ಲ. ಆಗ ಮೊಮ್ಮಗ ಕಂಪಾಸ್ ಪೆಟ್ಟಿಗೆ ತಂದು ತೆರೆದ. ಒಳಗೆ ಉಗುರಿನಷ್ಟು ದೊಡ್ಡ ಕಬ್ಬಿಣದ ಚೂರು. ಹೊಳೆಯುತ್ತಿತ್ತು ಅಂತ ಕಸದಿಂದ ಎತ್ತಿಟ್ಟಿದ್ದನಂತೆ.

ಮುಂದೆ ಒಬ್ಬನ ಮನೆಯಲ್ಲಿ ತುದಿ ಮುರಿದ ಕತ್ತಿ ಸಿಕ್ಕಿತು. ಸೂಕ್ಷ್ಮದರ್ಶಕದ ಕೆಳಗೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಮುರಿದ ಅಂಚಿನ ಒಂದೊಂದು ಏರು, ಒಂದೊಂದು ತಗ್ಗು ಕೂಡಿಕೊಂಡಿತು. ಚೂರು ಆ ಕತ್ತಿಯದ್ದೇ. ಆದರೆ ಅದು ಆ ಬಾಗಿಲ ಬುಡದಲ್ಲೇ ಬಿದ್ದಿತ್ತು ಅನ್ನುವುದಕ್ಕೆ ಆರು ವರ್ಷದ ಹುಡುಗನ ಮಾತು ಬಿಟ್ಟರೆ ಏನಿತ್ತು? ಬಿದ್ದಲ್ಲೇ ಇದ್ದಿದ್ದರೆ ನಾವು ಫೋಟೊ ತೆಗೆದು, ಅಳತೆ ಬರೆದು, ಸೀಲ್ ಹಾಕುತ್ತಿದ್ದೆವು. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಗುಡಿಸಬೇಡಿ. ಬಾಗಿಲು ಮುಂದೆ ಮಾಡಿ ಹೊರಗೆ ಕೂತುಕೊಳ್ಳಿ.

ಸಮಯ ಆಗಿಬಿಟ್ಟಿತು. ಒಂದೇ ಮಾತು ಉಳಿಯಿತು. ಹೊಡೆದಾಟದಲ್ಲಿ ಗಾಯವಾದವರ ರಕ್ತದ ಬಟ್ಟೆಯನ್ನು ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಕೊಟ್ಟರೆ ತೊಳೆಯಬೇಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಲೂಬೇಡಿ. ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದು ಡಿಎನ್ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ ಪೊಲೀಸರಿಗೆ ಕೊಡಿ. ನಮಸ್ಕಾರ.